ಹುಳ ಇದ್ದದ್ದು ನನ್ನ ಅಂಗಡಿಯಲ್ಲೇ

2002ರ ಬೇಸಿಗೆ. ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಮಂಡಿಪೇಟೆಯ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಬೆಳ್ಳಂಬೆಳಿಗ್ಗೆ ಬಂದು ಕೂಗಾಡಿದರು. ಚೆನ್ನೈನ ಗಿರಾಕಿ ಫೋನ್ ಮಾಡಿ, 'ನಿಮ್ಮ ಮೇಲ್‌ನಿಂದ ವೈರಸ್ ಬರ್ತಿದೆ' ಅಂದನಂತೆ. "ನೀನೇ ಜೋಡಿಸಿಕೊಟ್ಟ ಮಿಷನ್ನು, ಈಗ ನನ್ನ ಮರ್ಯಾದೆ ಹೋಯ್ತು."

ಸಂಜೆವರೆಗೂ ಅವರ ಕಂಪ್ಯೂಟರ್ ಜಾಲಾಡಿದೆ, ಏನೂ ಸಿಗಲಿಲ್ಲ. ಸರ್ವಿಸ್ ಚಾರ್ಜು 200 ರೂಪಾಯಿ ಮಾತ್ರ ಇಸ್ಕೊಂಡೆ. ಸಮಾಧಾನ ಆಗದೆ, ಆ ಮೇಲ್‌ನ ಹೆಡರನ್ನು (ಅದು ಬಂದ ದಾರಿಯ ವಿವರಗಳಿರುವ ತಲೆಭಾಗ) ಚೆನ್ನೈನಿಂದ ಫ್ಯಾಕ್ಸ್‌ನಲ್ಲಿ ತರಿಸಿಕೊಂಡೆ. ಕಳಿಸಿದವರ ಹೆಸರಿನ ಜಾಗದಲ್ಲಿ ವ್ಯಾಪಾರಿಯ ವಿಳಾಸವೇ ಇತ್ತು. ತಲುಪದ ಮೇಲ್ ಯಾರಿಗೆ ವಾಪಸ್ ಹೋಗಬೇಕೆಂದು ಹೇಳುವ ಮೇಲಿನ 'ರಿಟರ್ನ್-ಪಾಥ್' ಸಾಲಿನಲ್ಲಿ ಮಾತ್ರ ಬೇರೆಯದು. ಎರಡು ಸಲ ಓದಿದೆ. ಅದು ನನ್ನ ವಿಳಾಸ.

ತನ್ನಷ್ಟಕ್ಕೆ ತಾನೇ ಹರಡುವ ಇಂಥ ವೈರಸ್ಸಿಗೆ ಹುಳ (ವರ್ಮ್) ಅನ್ನುತ್ತಾರೆ. ಈ ಹುಳದ ಹೆಸರು ಕ್ಲೆಝ್. ಒಂದು ಮಿಷನ್ ಒಳಗೆ ಹೊಕ್ಕರೆ ಅಲ್ಲಿ ಸಿಕ್ಕ ವಿಳಾಸಗಳಲ್ಲಿ ಒಂದನ್ನು ಕಳಿಸಿದವರ ಜಾಗಕ್ಕೆ ಹಾಕಿ, ಇನ್ನೊಂದಕ್ಕೆ ತನ್ನನ್ನೇ ಕಳಿಸಿಕೊಳ್ಳುತ್ತದೆ. ವ್ಯಾಪಾರಿಯ ಪತ್ರಗಳನ್ನು ಎಷ್ಟೋ ಸಲ ನಾನೇ ಕಳಿಸಿದ್ದರಿಂದ ಇಬ್ಬರ ವಿಳಾಸವೂ ನನ್ನ ಅಡ್ರೆಸ್ ಬುಕ್‌ನಲ್ಲಿದ್ದವು. ನಾನಂತೂ ಯಾವ ಅಟ್ಯಾಚ್‌ಮೆಂಟನ್ನೂ ತೆರೆದಿರಲಿಲ್ಲ. 2000ದ ಮೇ ತಿಂಗಳಲ್ಲಿ ಬಂದ 'ಐ ಲವ್ ಯೂ' ಹುಳಕ್ಕೆ ಯಾರಾದರೂ ಕ್ಲಿಕ್ ಮಾಡಬೇಕಿತ್ತು. ಇದಕ್ಕೆ ಮೇಲ್ ಓದುವ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಪ್ರಿವ್ಯೂನಲ್ಲಿ ಮೇಲ್ ಕಂಡರೆ ಸಾಕು. ಮೇಲ್ ತೋರಿಸಲು ಅದು ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.01, 5.5ರಲ್ಲಿದ್ದ ಆ ತೂತಿಗೆ ಮೈಕ್ರೋಸಾಫ್ಟ್ 2001ರ ಮಾರ್ಚ್‌ನಲ್ಲೇ ತೇಪೆ (ಪ್ಯಾಚ್) ಬಿಟ್ಟಿತ್ತು. ವರ್ಷವಾದರೂ ನಾನು ಹಾಕಿರಲಿಲ್ಲ. ಸ್ಟಾರ್ಟ್ ಮೆನುವಿನ ತುದಿಯಲ್ಲೇ 'ವಿಂಡೋಸ್ ಅಪ್‌ಡೇಟ್' ಅಂತ ಇತ್ತು, ಒಂದು ದಿನವೂ ಒತ್ತಿರಲಿಲ್ಲ.

ಟೆಲಿಫೋನ್ ವೈರ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ, ಇನ್ನೊಂದು ಕಡೆ ಫ್ಲಾಪಿಗೆ ಇಳಿಸಿ ತಂದ ಕ್ಲೀನಿಂಗ್ ಟೂಲ್ ಓಡಿಸಿದೆ. ಆಂಟಿವೈರಸ್ ಇತ್ತು, ಹುಳ ಅದನ್ನೇ ಕೊಂದಿತ್ತು. ಇದರ ಒಂದು ತಳಿಯಂತೂ 'ಕ್ಲೆಝ್‌ಗೆ ಮದ್ದು ಇಲ್ಲಿದೆ, ಆಂಟಿವೈರಸ್ ಎಚ್ಚರಿಸಿದರೆ ಲೆಕ್ಕಿಸದೆ ಮುಂದುವರಿಯಿರಿ' ಎಂದು ಬರೆದುಕೊಂಡು ಬರುತ್ತಿತ್ತು. ಕಳ್ಳನೇ ಬೀಗ ಮಾರಿದ ಹಾಗೆ.

ಇಷ್ಟಾದರೂ ಬುದ್ಧಿ ಬಂತೇ? ಇಲ್ಲ. ಆಮೇಲೆ ಊರ ತುಂಬ ಕಳ್ಳ ಕಾಪಿ ವಿಂಡೋಸ್ ಎಕ್ಸ್‌ಪಿ ಹಾಕಿಕೊಟ್ಟೆ. ಹಾಕಿದ ಕೂಡಲೇ ನನ್ನ ಮೊದಲ ಕೆಲಸ ಆಟೋಮ್ಯಾಟಿಕ್ ಅಪ್‌ಡೇಟ್ಸ್ ಆಫ್ ಮಾಡುವುದು, ಎಲ್ಲಿ 'ಅಸಲಿ ಅಲ್ಲ' ಅಂತ ತೋರಿಸಿಬಿಡುತ್ತೋ ಎಂಬ ಹೆದರಿಕೆ. ಜನ ಅಪ್‌ಡೇಟ್ ಮಾಡಲ್ಲ ಅಂತ ಈಗ ಎಲ್ಲರೂ ಬೈಯುತ್ತೇವೆ. ಮಾಡಬೇಡಿ ಅಂತ ಕಲಿಸಿದವರಲ್ಲಿ ನನ್ನಂಥವರೇ ಹೆಚ್ಚು. ಇನ್ನೊಂದು ಕಡೆ, 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 (ತೇಪೆಗಳ ದೊಡ್ಡ ಕಂತೆ) ಸುಮಾರು 266 ಎಂಬಿ. ನಮ್ಮ ಡಯಲ್‌ಅಪ್‌ನಲ್ಲಿ ಸೆಕೆಂಡಿಗೆ 4 ಕೆಬಿ ಬಂದರೆ ಹಬ್ಬ. ಅಂದರೆ 18 ಗಂಟೆಗೂ ಮೇಲೆ, ನಡುವೆ ಕರೆಂಟ್ ಹೋಗದಿದ್ದರೆ! ಕೊನೆಗೆ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಹಾಕಿದೆ.

ಗಿರಾಕಿಗಳ ಹೆದರಿಕೆಯೂ ಸುಳ್ಳಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಮಿಷನ್ ಮೇಲೇಳದ್ದನ್ನು ನೋಡಿದ್ದಾರೆ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದ ಚಿಂತೆಯಲ್ಲಿ 'ನುಡಿ ಹೋಗ್ಬಿಡುತ್ತೆ ಸಾರ್, ಬೇಡ' ಅನ್ನುವ ಡಿ.ಟಿ.ಪಿ.ಯವರಿಗೆ ಏನು ಹೇಳುವುದು? ಈಗ ನನ್ನ ಕ್ರಮ ಹೀಗಿದೆ. ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತೇಪೆ ಬಿಡುತ್ತದೆ, ನಮಗೆ ಅದು ರಾತ್ರಿ. ಬುಧವಾರ ಅಂಗಡಿಯ ಹಳೇ ಮಿಷನ್ ಒಂದಕ್ಕೆ ಹಾಕುತ್ತೇನೆ. ಅದರಲ್ಲಿ ನುಡಿ, ಟ್ಯಾಲಿ, ಗೊಣಗುವ ಒಂದು ಪ್ರಿಂಟರ್ ಎಲ್ಲ ಇವೆ. ಮೂರು ದಿನ ತಂಟೆ ಮಾಡದಿದ್ದರೆ ಗಿರಾಕಿಗಳ ಸರದಿ. ಹೋದಲ್ಲಿ ಮೊದಲು ಯು.ಪಿ.ಎಸ್. ಪ್ಲಗ್ ಕಿತ್ತು ಬ್ಯಾಟರಿ ಎಷ್ಟು ಹೊತ್ತು ತಾಳುತ್ತೆ ನೋಡುತ್ತೇನೆ, ಆಮೇಲೆ ಬ್ಯಾಕಪ್, ಕೊನೆಗೆ ಅಪ್‌ಡೇಟ್.

ಹುಣಸೆಹಣ್ಣಿನ ವ್ಯಾಪಾರಿಗೆ ನಿಜ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಮಂಡಿಯಲ್ಲೇ ಟೀ ಕುಡಿಸುತ್ತಾ ಕೇಳಿಸಿಕೊಂಡರು, ನಕ್ಕರು. ಆಮೇಲೆ ಕೈ ಚಾಚಿ, "ಆ 200 ರೂಪಾಯಿ ಕೊಡಪ್ಪ" ಅಂದರು. ಕೊಟ್ಟೆ.