ಹಳೆಯ ಬಾಕ್ಸ್‌ಟರ್‌ನ ಹೆಡ್‌ಲೈಟ್ ಗ್ಲಾಸ್ ಬದಲಿಸುವ ಕ್ರಮ

ಹೆಡ್‌ಲೈಟಿನ ಮುಂದಿನ ಹೊದಿಕೆಯನ್ನು ನಾವು ರೂಢಿಯಲ್ಲಿ ಗ್ಲಾಸ್ ಎಂದೇ ಕರೆಯುತ್ತೇವೆ. ಆದರೆ 1996ರಿಂದ 2004ರವರೆಗೆ ತಯಾರಾದ ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಟರ್‌ನಲ್ಲಿ, ಅಂದರೆ 986 ಎಂಬ ಸಂಖ್ಯೆಯಿಂದ ಗುರುತಿಸುವ ಕಾರಿನಲ್ಲಿ, ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲಿನ ಪೆಟ್ಟನ್ನು ಗಾಜಿಗಿಂತ ಚೆನ್ನಾಗಿ ತಡೆಯುವ ಈ ವಸ್ತು ಬಿಸಿಲಿಗೆ ಮಾತ್ರ ಸೋಲುತ್ತದೆ. ಕಾರ್ಖಾನೆಯಲ್ಲಿ ಬಳಿದ ಗಟ್ಟಿ ರಕ್ಷಣಾ ಲೇಪವು ವರ್ಷಗಳು ಕಳೆದಂತೆ ಸವೆದ ಮೇಲೆ ನೇರಳಾತೀತ ಕಿರಣಗಳು ಒಳಗಿನ ಪ್ಲಾಸ್ಟಿಕ್ಕನ್ನು ಹಳದಿಯಾಗಿಸುತ್ತವೆ, ಆಮೇಲೆ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ಅದೇ ಕಾಲದ ಆರಂಭಿಕ 996 ಮಾದರಿಯ ಪೋರ್ಷೆ 911 ಕಾರುಗಳೂ ಇದೇ ದೀಪವನ್ನು ಹಂಚಿಕೊಂಡಿದ್ದವು. ಹೆಡ್‌ಲೈಟು, ಇಂಡಿಕೇಟರು ಎಲ್ಲವೂ ಒಂದೇ ಕವಚದೊಳಗೆ ಸೇರಿ, ಕೆಳಗೆ ಕಿತ್ತಳೆ ಬಣ್ಣ ಹರಡಿಕೊಂಡಿದ್ದ ಆ ದೀಪವನ್ನು ಆಗಿನವರು ಕಾವಲಿಯ ಮೇಲೆ ಒಡೆದು ಹುರಿದ ಮೊಟ್ಟೆಗೆ ಹೋಲಿಸಿ ಗೇಲಿ ಮಾಡಿದ್ದುಂಟು.

ಗ್ಲಾಸನ್ನು ನಿಜವಾಗಿಯೂ ಬದಲಿಸಬೇಕೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ನೋಡಿ. ನೀರು ಸವರಿದ ಕೂಡಲೇ ಮಬ್ಬು ಮಾಯವಾಗಿ, ಒಣಗಿದಾಗ ಮತ್ತೆ ಕಾಣಿಸಿಕೊಂಡರೆ ದೋಷ ಹೊರಮೈಯಲ್ಲಿದೆ ಎಂದರ್ಥ. ನಯವಾದ ಮರಳು ಕಾಗದದಿಂದ ಹಂತ ಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಹೊಸದಾಗಿ ರಕ್ಷಣಾ ಲೇಪ ಬಳಿದರೆ ಸಾಕಾಗುತ್ತದೆ. ನೀರು ಹಚ್ಚಿದರೂ ಮಬ್ಬು ಉಳಿದರೆ, ಬಿರುಕು ಆಳಕ್ಕಿಳಿದಿದ್ದರೆ ಅಥವಾ ಕಲ್ಲು ಬಡಿದು ತೂತಾಗಿದ್ದರೆ ಉಜ್ಜುವುದರಿಂದ ಪ್ರಯೋಜನವಿಲ್ಲ. ಒಳಗಿನ ಪ್ರತಿಫಲಕದ ಹೊಳಪೇ ಹೋಗಿದ್ದರೆ ಹೊಸ ಗ್ಲಾಸಿಗೆ ಹಣ ಸುರಿಯುವುದು ವ್ಯರ್ಥ. ಒಳ್ಳೆಯ ಸ್ಥಿತಿಯಲ್ಲಿರುವ ಪೂರ್ತಿ ದೀಪವನ್ನೇ ಹುಡುಕುವುದು ಮೇಲು.

ಬಿಡಿ ಗ್ಲಾಸ್ ಕೊಳ್ಳುವಾಗ ಎಡ ಬಲಗಳನ್ನು ಗಮನಿಸುವುದಂತೂ ಸರಿಯೇ, ಅದರ ಮೇಲಿನ ಗುರುತನ್ನೂ ನೋಡಬೇಕು. ಯುರೋಪಿನಲ್ಲಿ ಮಾರಾಟವಾದ ದೀಪಗಳ ಗ್ಲಾಸಿನ ಮೇಲೆ ವೃತ್ತದೊಳಗೆ ಇ ಅಕ್ಷರವೂ ಅನುಮೋದನೆ ನೀಡಿದ ದೇಶದ ಸಂಖ್ಯೆಯೂ ಅಚ್ಚಾಗಿರುತ್ತವೆ; 1 ಎಂದಿದ್ದರೆ ಜರ್ಮನಿ, 11 ಎಂದಿದ್ದರೆ ಬ್ರಿಟನ್. ಅನುಮೋದನೆ ಸಿಗುವುದು ಪೂರ್ತಿ ದೀಪಕ್ಕೆ. ಆದ್ದರಿಂದ ಗುರುತಿಲ್ಲದ ಅಗ್ಗದ ಗ್ಲಾಸನ್ನು ಕೂಡಿಸಿದರೆ ಬೆಳಕು ಚೆನ್ನಾಗಿದ್ದರೂ ವಾಹನ ತಪಾಸಣೆಯಲ್ಲಿ ತಕರಾರು ಬರಬಹುದು. ಜರ್ಮನಿಯಲ್ಲೋ ಬ್ರಿಟನ್ನಿನಲ್ಲೋ ನೆಲೆಸಿ ಇಂಥ ಕಾರನ್ನು ಇಟ್ಟುಕೊಂಡಿರುವ ನಮ್ಮವರು ಇದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ದೀಪವನ್ನು ಹೊರತೆಗೆಯುವ ಮುನ್ನ ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಲೋ ಬೀಮ್ ಹಾಕಿ, ಬೆಳಕಿನ ಮೇಲಂಚು ಬೀಳುವ ಜಾಗಕ್ಕೆ ಟೇಪು ಅಂಟಿಸಿ. ಟೈರುಗಳು ನಿಂತ ಜಾಗವನ್ನೂ ನೆಲದ ಮೇಲೆ ಗುರುತು ಮಾಡಿ. ಕೆಲಸ ಮುಗಿದ ಮೇಲೆ ಈ ಗುರುತುಗಳಷ್ಟು ಉಪಯೋಗಕ್ಕೆ ಬರುವ ವಸ್ತು ಬೇರೊಂದಿಲ್ಲ.

ಎಂಜಿನ್ನು ಸೀಟುಗಳ ಹಿಂದಿರುವುದರಿಂದ ಈ ಕಾರಿಗೆ ಮುಂದೆಯೂ ಒಂದು ಡಿಕ್ಕಿಯಿದೆ. ದೀಪಗಳನ್ನು ಆರಿಸಿ, ಕೀಲಿ ತೆಗೆದು, ಆ ಡಿಕ್ಕಿಯ ಪಕ್ಕದ ಕಾರ್ಪೆಟ್ಟನ್ನು ಸರಿಸಿದರೆ ದೀಪದ ಹಿಂದೆ ಒಂದು ಮುಚ್ಚಳ ಕಾಣುತ್ತದೆ. ಅದನ್ನು ತೆಗೆದು, ಕಾರಿನೊಡನೆ ಬಂದ ಸಲಕರಣೆಯನ್ನು ತೂರಿಸಿ, ಕೈಪಿಡಿ ಹೇಳಿದ ದಿಕ್ಕಿಗೆ ತಿರುಗಿಸಿದರೆ ಹಿಡಿತ ಕಳಚಿದ ಸದ್ದು ಕೇಳಿಸುತ್ತದೆ, ಇಡೀ ದೀಪ ಮುಂದಕ್ಕೆ ಜಾರುತ್ತದೆ. ಬಲ್ಬು ಬದಲಿಸಲೂ ಇದೇ ದಾರಿಯಾದ್ದರಿಂದ ಕೈಪಿಡಿಯಲ್ಲಿ ವಿವರವಿದೆ. ಹೊರಬರುವಾಗ ಬಂಪರಿನ ಬಣ್ಣ ಗೀಚದಂತೆ ಅಂಚಿಗೆ ಮೊದಲೇ ಟೇಪು ಹಚ್ಚಿಡಿ. ಕ್ಸೆನಾನ್ ದೀಪವಿರುವ ಕಾರಾದರೆ ಹೆಚ್ಚಿನ ಎಚ್ಚರಿಕೆ ಬೇಕು: ಅದು ಹೊತ್ತಿಕೊಳ್ಳುವ ಕ್ಷಣದಲ್ಲಿ 20,000 ವೋಲ್ಟ್‌ಗೂ ಮೀರಿದ ವಿದ್ಯುತ್ತು ಹರಿಯುತ್ತದೆ, ಆದ್ದರಿಂದ ಬ್ಯಾಟರಿಯ ತಂತಿಯನ್ನು ಕಳಚದೆ ಅದಕ್ಕೆ ಕೈ ಹಾಕಕೂಡದು.

ಮೇಜಿನ ಮೇಲೆ ದಪ್ಪ ಟವೆಲು ಹಾಸಿ, ಬಲ್ಬುಗಳು, ಹಿಂಬದಿಯ ಮುಚ್ಚಳಗಳು, ರಬ್ಬರುಗಳು, ಕ್ಸೆನಾನ್ ಇದ್ದರೆ ಅದರ ವಿದ್ಯುತ್ ಪೆಟ್ಟಿಗೆ, ಇವೆಲ್ಲವನ್ನೂ ಬಿಚ್ಚಿಡಿ. ಅಂಚಿನ ಸುತ್ತ ಸ್ಕ್ರೂ ಅಥವಾ ಕ್ಲಿಪ್ಪು ಕಂಡರೆ ಒಂದನ್ನೂ ಬಿಡದೆ ತೆಗೆಯಬೇಕು; ಮರೆತ ಒಂದೇ ಕ್ಲಿಪ್ಪು ಕವಚವನ್ನು ಸೀಳಬಲ್ಲದು. ಬಳಿಕ ಗ್ಲಾಸು ಕೂತಿರುವ ಕಾಲುವೆಯಲ್ಲಿನ ಅಂಟನ್ನು ಉಗುರಿನಿಂದ ಒತ್ತಿ ನೋಡಿ. ಅಗಿದ ಚೂಯಿಂಗ್ ಗಮ್ಮಿನಂತೆ ತಗ್ಗಿದರೆ ಅದು ಬಿಸಿಗೆ ಸಡಿಲವಾಗುವ ಜಾತಿಯ ಅಂಟು. ಹಿಂದಿನ ಮಾಲೀಕರು ಯಾರಾದರೂ ಗಟ್ಟಿಯಾಗಿ ಕೂರುವ ಬೇರೆ ಅಂಟು ಸುರಿದಿದ್ದರೆ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಬಿಸಿ ಮಾಡಲು ಅಡುಗೆ ಮನೆಯ ಒವನ್ ಸಾಕು, ಮೈಕ್ರೋವೇವ್ ಖಂಡಿತ ಅಲ್ಲ. 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟೆಯ ಮೇಲೆ ಮರದ ಹಲಗೆ ಇಟ್ಟು, ಒವನ್ನಿನ ಲೋಹದ ಗೋಡೆಗೆ ಎಲ್ಲಿಯೂ ತಾಗದಂತೆ ದೀಪವನ್ನು ಎಂಟು ಹತ್ತು ನಿಮಿಷ ಇಡಬೇಕು. ಪಾಲಿಕಾರ್ಬೊನೇಟು ಮೆತ್ತಗಾಗಲು ಸುಮಾರು 147 ಡಿಗ್ರಿ ಬೇಕು. ಆದರೆ ಕವಚದ ಪ್ಲಾಸ್ಟಿಕ್ಕು ಬೇರೆಯದು, ಆದ್ದರಿಂದ ಬೇಗ ಮುಗಿಯಲೆಂದು ಶಾಖ ಹೆಚ್ಚಿಸುವುದು ಅಪಾಯ. ದಪ್ಪ ಕೈಗವಸು ಹಾಕಿ ಹೊರತೆಗೆದು, ಒಂದು ಮೂಲೆಯಿಂದ ಆರಂಭಿಸಿ ಅಗಲವಾದ ಪ್ಲಾಸ್ಟಿಕ್ ಪಟ್ಟಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಅಂಟು ದಾರದಂತೆ ಎಳೆಯುತ್ತ ಬಿಡುತ್ತದೆ. ಬಿಗಿಯಾದ ಕೂಡಲೇ ಮತ್ತೆ ನಾಲ್ಕೈದು ನಿಮಿಷ ಒವನ್ನಿಗೆ ಹಾಕಿ, ಬಲವನ್ನು ಮಾತ್ರ ಹಾಕಬೇಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದವರ ಕವಚದ ಅಂಚು ಮುರಿದೇ ಮುರಿಯುತ್ತದೆ.

ತೆರೆದ ದೀಪದೊಳಗೆ ಬೆರಳು ಇಡಬಾರದು. ಪ್ರತಿಫಲಕದ ಮೇಲಿರುವುದು ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಪದರ. ಮೆತ್ತನೆಯ ಬಟ್ಟೆಯೂ ಅದನ್ನು ಗೀಚುತ್ತದೆ. ಧೂಳಿದ್ದರೆ ಕೈ ಪಂಪಿನ ಗಾಳಿಯಿಂದ ಹಾರಿಸಿ, ಅಷ್ಟೇ.

ಇನ್ನು ಉಳಿದದ್ದು ಕಾಲುವೆಯ ಶುದ್ಧಿ, ಮತ್ತು ನನ್ನ ಮಟ್ಟಿಗೆ ಇಡೀ ಕೆಲಸದ ಅಳಿವು ಉಳಿವು ಇರುವುದು ಇಲ್ಲಿಯೇ. ದೀಪವನ್ನು ಬಿಚ್ಚುವುದು ಒಂದು ಗಂಟೆಯ ಮಾತು. ಹಳೆಯ ಅಂಟನ್ನು ಕೆರೆದು ತೆಗೆಯುವುದಕ್ಕೆ ಅದರ ಎರಡರಷ್ಟು ಹೊತ್ತು ಹಿಡಿದರೂ ಅಚ್ಚರಿಯಿಲ್ಲ. ನಾನು ಮೊದಲ ಸಲ ಮಾಡಿದಾಗ ಕೆಳಗಿನ ಒಂದು ಮೂಲೆಯಲ್ಲಿ ಬೆರಳಗಲದಷ್ಟು ಹಳೆಯ ಅಂಟನ್ನು ಉದಾಸೀನದಿಂದ ಬಿಟ್ಟಿದ್ದೆ; ಮೂರು ವಾರದ ಮೇಲೆ ಮಳೆ ಬಂದ ಮಾರನೆಯ ದಿನ ಹೊಸ ಗ್ಲಾಸಿನ ಒಳಮೈ ತುಂಬ ಹನಿ ಕಟ್ಟಿತ್ತು. ಅಂಟು ಬೆಚ್ಚಗಿರುವಾಗಲೇ ಉದ್ದುದ್ದವಾಗಿ ಎಳೆದು ತೆಗೆದು, ಉಳಿದದ್ದನ್ನು ಪ್ಲಾಸ್ಟಿಕ್ ಉಪಕರಣದಿಂದ ಕೆರೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಕಾಲುವೆಯನ್ನಷ್ಟೇ ಒರೆಸಬೇಕು. ಪೇಂಟ್ ಥಿನ್ನರ್ ಅಥವಾ ಅಸಿಟೋನ್ ತಾಗಿದರೆ ಪಾಲಿಕಾರ್ಬೊನೇಟು ಬೆಳ್ಳಗಾಗಿ ಬಿರುಕು ಬಿಡುತ್ತದೆ.

ಹೊಸ ಅಂಟಾಗಿ ಹೆಡ್‌ಲೈಟಿಗೆಂದೇ ಮಾರುವ ಬ್ಯೂಟೈಲ್ ಪಟ್ಟಿಯನ್ನು ಬಳಸಿ. ಹುಳಿ ವಾಸನೆಯ ಸಾಮಾನ್ಯ ಸಿಲಿಕೋನು ಒಣಗುವಾಗ ಹೊರಸೂಸುವ ಅಸಿಟಿಕ್ ಆಮ್ಲದ ಆವಿ ಮುಚ್ಚಿದ ದೀಪದೊಳಗೆ ಉಳಿದು ಪ್ರತಿಫಲಕವನ್ನು ಕೆಡಿಸಬಲ್ಲದು. ಪಟ್ಟಿಯನ್ನು ಕಾಲುವೆಯುದ್ದಕ್ಕೂ ಎಳೆಯದೆ ಹಾಸಿ, ತುದಿಗಳನ್ನು ದೀಪದ ಮೇಲ್ಭಾಗದಲ್ಲಿ ಒಂದರ ಮೇಲೊಂದು ಸೇರಿಸಿ. ಕೆಳಗೆ ಸೇರಿಸಿದರೆ ನೀರು ನಿಲ್ಲುವ ಕಡೆಯೇ ಬೆಸುಗೆ ಬಂದಂತಾಗುತ್ತದೆ. ಹೊಸ ಗ್ಲಾಸಿನ ಒಳಮೈಯನ್ನು ನಯವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಕವಚವನ್ನು ಮತ್ತೆ ಐದಾರು ನಿಮಿಷ ಬಿಸಿ ಮಾಡಿ, ಗ್ಲಾಸನ್ನು ಕೂಡಿಸಿ ಸುತ್ತಲೂ ಸಮನಾಗಿ ಒತ್ತಿ. ಕ್ಲಿಪ್ಪು, ಸ್ಕ್ರೂಗಳನ್ನು ಹಾಕಿ, ಅಂಚಿಗೆ ಬಟ್ಟೆ ಸುತ್ತಿದ ಕ್ಲಾಂಪುಗಳಿಂದ ಬಿಗಿದು, ತಣ್ಣಗಾಗುವವರೆಗೆ ಮುಟ್ಟದೆ ಬಿಡಿ. ಕವಚದ ಹಿಂದಿನ ಗಾಳಿಯಾಡುವ ರಂಧ್ರಗಳನ್ನು ಸೋರಿಕೆ ಎಂದು ತಿಳಿದು ಮುಚ್ಚಿಬಿಡುವುದು ಸಾಮಾನ್ಯ ತಪ್ಪು. ಬಲ್ಬಿನ ಬಿಸಿಗೆ ಹಿಗ್ಗಿದ ಗಾಳಿ ಹೋಗಿ ಬರಲು ಅವು ಬೇಕೇ ಬೇಕು.

ಮಾರನೆಯ ದಿನ ಹಿಂಬದಿಯ ಮುಚ್ಚಳಗಳನ್ನು ಹಾಕಿ, ಒಳಗೆ ಒಂದು ಒಣ ಟಿಶ್ಯೂ ಕಾಗದವಿಟ್ಟು, ಅಂಚಿನ ಸುತ್ತ ಹತ್ತು ನಿಮಿಷ ಪೈಪಿನ ನೀರು ಹರಿಸಿ. ಕಾಗದ ಒದ್ದೆಯಾಗದಿದ್ದರೆ ಅದನ್ನು ತೆಗೆದು, ಬಲ್ಬುಗಳನ್ನು ಕೂಡಿಸಿ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಕೂಡದು. ಬೆರಳಿನ ಜಿಡ್ಡು ಉಳಿದ ಜಾಗ ಮಿತಿಮೀರಿ ಕಾದು ಬಲ್ಬು ಬೇಗ ಹೋಗುತ್ತದೆ. ದೀಪವನ್ನು ಹಳಿಯ ಮೇಲಿಟ್ಟು ನೇರವಾಗಿ ಹಿಂದಕ್ಕೆ ತಳ್ಳಿ, ಹಿಡಿತವನ್ನು ಬಿಗಿದು, ಕೈಯಿಂದ ಅಲ್ಲಾಡಿಸಿ ನೋಡಿ.

ಕೊನೆಗೆ ಕಾರನ್ನು ಮೊದಲಿನ ಗುರುತುಗಳ ಮೇಲೆಯೇ ನಿಲ್ಲಿಸಿ ಗೋಡೆಯ ಟೇಪಿನೊಡನೆ ಬೆಳಕನ್ನು ಹೋಲಿಸಿ. ಹೊಂದಿಸುವ ಸ್ಕ್ರೂಗಳನ್ನು ತಿರುಗಿಸಿರದಿದ್ದರೆ ಹೆಚ್ಚು ವ್ಯತ್ಯಾಸ ಬಾರದು. ಬಂದಿದ್ದರೆ, ದೀಪದ ಮೇಲೆ ಅಚ್ಚಾದ ಶೇಕಡಾ ಅಂಕಿಯನ್ನು ನೋಡಿ ಸರಿಪಡಿಸಬೇಕು: ಅದು 1 ಎಂದಿದ್ದರೆ 10 ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಮೇಲಂಚು ದೀಪದ ನಡುವಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗಿರಬೇಕು. ಇನ್ನೊಂದು ಬದಿಯ ದೀಪದ ಗ್ಲಾಸು ಹಳೆಯದಾಗಿಯೇ ಉಳಿದಿದ್ದರೆ ಒಂದು ಕಡೆ ಬೆಳಕು ಬೆಳ್ಳಗೆ, ಇನ್ನೊಂದು ಕಡೆ ಹಳದಿಯಾಗಿ ಕಾಣುತ್ತದೆ. ಒಂದೇ ಗ್ಲಾಸು ಒಡೆದಿದ್ದರೂ ಎರಡನ್ನೂ ಒಟ್ಟಿಗೆ ತರಿಸುವುದು ಇದಕ್ಕಾಗಿಯೇ.