ಕಾದರೆ ನಿಲ್ಲುವ, ತಣಿದರೆ ಓಡುವ ಕಾರು

ತೀರ್ಥಹಳ್ಳಿಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಕಾರು ರಿಪೇರಿ ನನ್ನ ಕಸುಬಲ್ಲ. ಆದರೂ ಹೋದ ಏಪ್ರಿಲ್‌ನಲ್ಲಿ ನಮ್ಮ ಕಾರಿನ ದೋಷ ಸಿಕ್ಕಿದ್ದು ನನ್ನ ಅಂಗಡಿಯಲ್ಲಿ ವಯರ್, ಕಾಯಿಲ್ ಪರೀಕ್ಷಿಸುವ ಮಲ್ಟಿಮೀಟರ್‌ನಿಂದಲೇ. ಇದೇ ತರಹದ ತೊಂದರೆಗೆ ಸುಮ್ನೆ ದುಡ್ಡು ಸುರಿಯುತ್ತಿರುವವರು ಇರಬಹುದು ಅಂತ ಬರೆಯುತ್ತಿದ್ದೇನೆ.

ಕಾರು 2011ರ ಪೆಟ್ರೋಲ್ ಗಾಡಿ. ಫೆಬ್ರವರಿಯಿಂದ ಆಗಾಗ ಓಡುತ್ತಾ ಇದ್ದ ಹಾಗೇ ಇಂಜಿನ್ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಮ್ಮೆಯೂ ನಿಲ್ಲಲಿಲ್ಲ, ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಯಾವ ಕೋಡೂ ಬರಲಿಲ್ಲ. ಮೊದಲು ಪ್ಲಗ್ ಬದಲಾಯಿಸಿದರು, ಆಮೇಲೆ ಪೆಟ್ರೋಲ್ ಫಿಲ್ಟರ್, ಆಮೇಲೆ ಇಗ್ನಿಷನ್ ಕಾಯಿಲ್. ಏಳು ಸಾವಿರ ಖರ್ಚಾಯಿತು, ಗಾಡಿ ಹಾಗೇ ಉಳಿಯಿತು. ಚೆನ್ನಾಗಿ ಓಡುತ್ತಿರುವ ಗಾಡಿಯಲ್ಲಿ ದೋಷ ಹುಡುಕುವುದು ಯಾರಿಗಾದರೂ ಕಷ್ಟವೇ.

ಏಪ್ರಿಲ್‌ನಲ್ಲಿ ಅಮ್ಮ, ಹೆಂಡತಿ, ಭಾವಮೈದ ಎಲ್ಲರೂ ಉಡುಪಿಗೆ ಹೊರಟೆವು. ಯಡೂರು, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿಯುವುದು, ಬರುವಾಗ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಾಟಿ ಹತ್ತುವುದು. ಈ ಸಲ ನಿಂತರೆ ಬಿಡಬಾರದು ಅಂತ ಮೀಟರ್, ಸ್ಪ್ಯಾನರ್ ಸೆಟ್, ಎರಡು ಕ್ಯಾನ್ ನೀರು ಡಿಕ್ಕಿಗೆ ಹಾಕಿದೆ. ಒಂದು ನೋಟ್‌ಬುಕ್ ಕೂಡ ಇಟ್ಟುಕೊಂಡೆ, ಅದೇ ಜಾಸ್ತಿ ಕೆಲಸಕ್ಕೆ ಬಂತು.

ಹುಲಿಕಲ್‌ನಲ್ಲಿ ಚಂಡಿಕಾಂಬೆ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಕೈಮುಗಿದು ಹತ್ತು ನಿಮಿಷಕ್ಕೆ ವಾಪಸ್ ಬಂದರೆ ಸ್ಟಾರ್ಟರ್ ತಿರುಗುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ. ಬರುವಾಗ ಓಡುತ್ತಲೇ ಇದ್ದ ಗಾಡಿ, ನಿಂತ ಹತ್ತು ನಿಮಿಷದಲ್ಲಿ ಏನಾಯಿತು? ಅದನ್ನು ಬಿಡಿಸಿ ಹೇಳಿದವರು ಅಮ್ಮ. "ಒಲೆ ಆರಿಸಿದ ಮೇಲೂ ಪಾತ್ರೆ ತಳ ಹಿಡಿಯಲ್ವಾ, ಹಾಗೇ ಏನೋ" ಅಂದರು. ಸರಿಯಾದ ಮಾತು. ಇಂಜಿನ್ ಆಫ್ ಮಾಡಿದಾಗ ಅದನ್ನು ತಣಿಸುವ ಕೂಲೆಂಟ್ ನೀರು ಸುತ್ತುವುದು ನಿಲ್ಲುತ್ತದೆ, ಮುಂದಿನಿಂದ ಗಾಳಿಯೂ ಬರುವುದಿಲ್ಲ. ಹಾಗಾಗಿ ಬಾನೆಟ್ ಒಳಗೆ ಸ್ವಲ್ಪ ಹೊತ್ತು ಬಿಸಿ ಇನ್ನೂ ಏರುತ್ತದೆ. ನೋಟ್‌ಬುಕ್‌ನಲ್ಲಿ ಬರೆದೆ: ಬಿಸಿಲು, ಹತ್ತು ನಿಮಿಷ ನಿಲುಗಡೆ. ಹಿಂದಿನ ಸಲಗಳನ್ನೆಲ್ಲ ನೆನಪು ಮಾಡಿ ಬರೆದರೆ ಒಂದೂ ಬೆಳಗಿನ ತಂಪು ಹೊತ್ತಿನಲ್ಲಿ ಆದದ್ದಲ್ಲ.

ಮರುದಿನ ಮಧ್ಯಾಹ್ನ ಆಗುಂಬೆ ಘಾಟಿಯಲ್ಲಿ ಓಡುತ್ತಲೇ ನಿಂತಿತು. 14 ಹೇರ್‌ಪಿನ್ ತಿರುವಿನ ಘಾಟಿ ಅದು, ಎರಡನೇ ಗೇರ್‌ನಲ್ಲೇ ಹತ್ತಬೇಕು. ಇಂಜಿನ್ ನಿಂತ ಮೇಲೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಎರಡು ಮೂರು ಸಲ ಒತ್ತುವ ತನಕ ಮಾತ್ರ ಹಗುರವಾಗಿರುತ್ತದೆ. ಒಂದೇ ಸಲ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿದೆ. ಭಾವಮೈದ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗಿನ ತಿರುವಿನಲ್ಲಿ ಒಂದು ಹೊರೆ ಸೊಪ್ಪು ರಸ್ತೆಗೆ ಹಾಕಿ ಬಂದ. ಇದಾಗುವ ತನಕ ಬಾನೆಟ್ ಎತ್ತಬೇಡಿ.

ನಿಂತ ರೀತಿಯೇ ಒಂದು ಸುಳಿವು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಸಾಮಾನ್ಯವಾಗಿ ಮೊದಲು ಜಗ್ಗುತ್ತದೆ, ಎಳೆತ ಕಮ್ಮಿ ಆಗುತ್ತದೆ. ನಮ್ಮದು ಸ್ವಿಚ್ ಆರಿಸಿದ ಹಾಗೆ ನಿಂತಿತ್ತು. ಕೀ ಆನ್ ಮಾಡಿ ಹಿಂದಿನ ಸೀಟಿನ ಹತ್ತಿರ ಕಿವಿ ಇಟ್ಟೆ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅಂದು ನಿಂತಿತು, ಅಂದರೆ ಪಂಪಿಗೂ ಅದನ್ನು ಆನ್ ಮಾಡುವ ರಿಲೇಗೂ ಕರೆಂಟ್ ಬರುತ್ತಿದೆ. ಆಮೇಲೆ ಭಾವಮೈದನಿಗೆ ಸ್ಟಾರ್ಟ್ ಮಾಡುತ್ತಾ ಇಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ನೋಡು ಮಾರಾಯ ಅಂದೆ.

"ಭಾವ, ಮುಳ್ಳು ಏಳ್ತಾನೇ ಇಲ್ಲ. ಸೊನ್ನೆಯಲ್ಲೇ ಇದೆ."

ಸರಿ ಇದ್ದ ದಿನ ಅದು ಸ್ಟಾರ್ಟರ್ ತಿರುಗಿದ ಕೂಡಲೇ ಸ್ವಲ್ಪ ಏಳುತ್ತದೆ, ಅದನ್ನು ಹೊರಡುವ ಮೊದಲೇ ನೋಡಿಟ್ಟುಕೊಂಡಿದ್ದೆ. ಇಂಜಿನ್ ತಿರುಗುತ್ತಿದೆ, ಆದರೆ ಅದು ಇಂಜಿನ್ ನಡೆಸುವ ಗಾಡಿಯ ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲ. ಹೇಳಬೇಕಾದದ್ದು ಕ್ರ್ಯಾಂಕ್ ಸೆನ್ಸರ್. ಇಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರ ಅದರ ಮುಂದೆ ಹಾದಾಗ ಸೆನ್ಸರ್ ಒಳಗಿನ ಆಯಸ್ಕಾಂತ ಮತ್ತು ಕಾಯಿಲ್‌ನಿಂದ ಸಣ್ಣ ಕರೆಂಟ್ ಹುಟ್ಟುತ್ತದೆ. ಅದನ್ನು ಎಣಿಸಿಯೇ ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ಬಿಡುವುದು. ಆ ಕರೆಂಟ್ ಬರದಿದ್ದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಹೊಸ ಪ್ಲಗ್ ಹಾಕಿ ಏನು ಪ್ರಯೋಜನ?

ಇಷ್ಟು ಗೊತ್ತಾದ ಮೇಲೆ ಉಳಿದದ್ದು ನನ್ನ ಕಸುಬು. ಅಂಗಡಿಗೆ ಇಂಥ ಮೋಟಾರ್ ಎಷ್ಟೋ ಬಂದಿವೆ. ತಣ್ಣಗಿರುವಾಗ ಓಡುತ್ತದೆ, ತೋಟದಲ್ಲಿ ಒಂದು ತಾಸು ಓಡಿ ಕಾದ ಮೇಲೆ ನಿಲ್ಲುತ್ತದೆ. ಬಿಚ್ಚಿ ನೋಡಿದರೆ ಎಲ್ಲೋ ಒಂದು ಜಾಯಿಂಟ್ ಬಿರುಕು ಬಿಟ್ಟಿರುತ್ತದೆ, ತಣ್ಣಗಿರುವಾಗ ಮುಟ್ಟಿಕೊಂಡಿರುತ್ತದೆ, ಕಾದು ಹಿಗ್ಗಿದಾಗ ಬಿಡುತ್ತದೆ.

ನಮ್ಮ ಗಾಡಿಯಲ್ಲಿ ಸೆನ್ಸರ್ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿದೆ. ಗಾಳಿ ಪೈಪ್ ತೆಗೆದರೆ ಕೈ ಹೋಗುತ್ತದೆ. ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಸೆನ್ಸರಿನ ಎರಡು ಪಿನ್ನಿಗೆ ಮೀಟರ್ ಹಿಡಿದೆ. ತಂತಿಯ ತಡೆ ಅಳೆಯುವ ಓಮ್ಸ್‌ನಲ್ಲಿ ಏನೂ ಇಲ್ಲ, ಪೂರ್ತಿ ಓಪನ್, ಅಂದರೆ ಒಳಗೆ ಎಲ್ಲೋ ತಂತಿ ಬಿಟ್ಟಿದೆ. ಬಟ್ಟೆ ಒದ್ದೆ ಮಾಡಿ ಸೆನ್ಸರ್ ಮೈಗೆ ಮಾತ್ರ ಸುತ್ತಿ ಐದು ನಿಮಿಷ ಕಾದೆ. ಮೀಟರ್ ಒಮ್ಮೆ ಕುಣಿದು 980ಕ್ಕೆ ಬಂದು ನಿಂತಿತು. ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿದರೆ ಮುಳ್ಳು ಎದ್ದಿತು, ಇಂಜಿನ್ ಹಿಡಿಯಿತು. ಎರಡು ತಿಂಗಳಿನ ತಲೆನೋವು ಆ ರಸ್ತೆ ಬದಿಯಲ್ಲಿ ಇಳಿದ ಹಾಗಾಯಿತು.

ಒಂದು ಎಚ್ಚರಿಕೆ. ಇದು ಎರಡು ವಯರಿನ ಕಾಯಿಲ್ ಸೆನ್ಸರಿಗೆ ಮಾತ್ರ. ಮೂರು ವಯರಿನವು ಹೆಚ್ಚಾಗಿ ಹಾಲ್ ಸೆನ್ಸರ್, ಒಳಗೆ ಬರೀ ಕಾಯಿಲ್ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವಂಥವು, ಅವುಗಳಿಗೆ ಹೀಗೆ ಓಮ್ಸ್ ನೋಡಬಾರದು.

ದಾರಿಯಲ್ಲಿ ಎಲ್ಲೂ ಇಂಜಿನ್ ಆಫ್ ಮಾಡದೆ ಮನೆ ಸೇರಿದೆವು. ಮರುದಿನ ಒಂದೇ 10 ಎಂಎಂ ಬೋಲ್ಟ್ ಬಿಚ್ಚಿ ಸೆನ್ಸರ್ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೀಟರ್ ವಯರ್ ಸಿಕ್ಕಿಸಿ ನೀರಲ್ಲಿಟ್ಟು ಕಾಯಿಸಿದೆ. ತಣ್ಣಗೆ 870 ಓಮ್ಸ್. ನೀರು ಕಾದ ಹಾಗೆ ನಿಧಾನಕ್ಕೆ ಏರಿತು. ತಾಮ್ರದ ತಂತಿಗೆ ಅದು ಸಹಜ. 1050 ದಾಟುತ್ತಿದ್ದ ಹಾಗೇ ಫಕ್ಕನೆ ಓಪನ್. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

ಶಿವಮೊಗ್ಗದಿಂದ ಹೊಸದು ತಂದೆ, ಸಾವಿರ ರೂಪಾಯಿಯ ಒಳಗೇ ಆಯಿತು. ಹಾಕಿದ ಮೇಲೆ ಊರಲ್ಲಿ ಸುತ್ತಿ ನೋಡಿದರೆ ನಂಬಿಕೆ ಬರುವುದಿಲ್ಲ ಅಲ್ವಾ? ಅದಕ್ಕೆ ಮುಂದಿನ ಭಾನುವಾರ ಬಿಸಿಲಲ್ಲೇ ಸೋಮೇಶ್ವರಕ್ಕೆ ಇಳಿದು, ಮತ್ತೆ ಘಾಟಿ ಹತ್ತಿ, ಮೇಲೆ ಬಂದು ಬೇಕೆಂದೇ ಇಂಜಿನ್ ಆಫ್ ಮಾಡಿದೆ. ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದೆ. ಮುಳ್ಳು ಎದ್ದಿತು. ಮತ್ತೆ ಆಫ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ನೋಡಿದೆ. ಆಗಲೂ ಎದ್ದಿತು.