ಕೊಟ್ಟ ಮಾಹಿತಿಯ ಲೆಕ್ಕ ಕೇಳುವುದು ಹೇಗೆ?

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಮೊಬೈಲ್ ನಂಬರ್, ಮಣಿಪಾಲದಲ್ಲಿ ಬಾಡಿಗೆ ಕೋಣೆ ಹಿಡಿಯುವಾಗ ಆಧಾರ್ ಪ್ರತಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ವಿಳಾಸದಿಂದ ಹಿಡಿದು ಮನೆಯವರ ಫೋನ್ ನಂಬರಿನವರೆಗೆ ಎಲ್ಲವನ್ನೂ ನಾವು ಕೊಡುತ್ತೇವೆ. ಕೊಟ್ಟದ್ದರ ಲೆಕ್ಕ ಕೇಳುವ ರೂಢಿ ಮಾತ್ರ ಇನ್ನೂ ಬಂದಿಲ್ಲ. ಕೇಳಲು ಹೊರಟವರೂ ‘ಅದು ನನ್ನ ಮಾಹಿತಿ, ನಾನೇ ಅದರ ಮಾಲೀಕ’ ಎಂದು ವಾದ ಆರಂಭಿಸಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾಲೀಕತ್ವದ ಪ್ರಸ್ತಾಪವೇ ಇಲ್ಲ. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದರು, ಆ ಉದ್ದೇಶ ಮೀರಿ ಬಳಸಿದರೇ ಎಂಬುದರ ಮೇಲೆಯೇ ಅದು ನಿಂತಿದೆ. ಆದ್ದರಿಂದ ಉದ್ದೇಶವನ್ನು ಹಿಡಿದು ಪ್ರಶ್ನಿಸುವುದೇ ಸರಿಯಾದ ದಾರಿ.

ಮೊದಲು, ಇಂದು ಯಾವ ಕಾನೂನು ಜಾರಿಯಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಖಾಸಗಿತನವು ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ತೀರ್ಪಿತ್ತಿತು. ಅದರ ಬೆನ್ನಿಗೆ ಬಂದ 2023ರ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಆ ಅಧಿಸೂಚನೆಯ ಪ್ರಕಾರ ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿಗೆ ಬಂತು. ಒಪ್ಪಿಗೆ, ತಿದ್ದುಪಡಿ, ಅಳಿಸುವಿಕೆ ಮೊದಲಾದ ಮುಖ್ಯ ಹಕ್ಕುಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ ಜಾರಿಗೆ ಬರಬೇಕು. ಅಲ್ಲಿಯವರೆಗೆ ನಮಗಿರುವ ಆಸರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಮತ್ತು ಅದರಡಿಯ 2011ರ ನಿಯಮಗಳು. ‘ಹೊಸ ಕಾನೂನು ಬಂದಾಯಿತು’ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳನ್ನು ನಂಬಿ ಅಂಗಡಿಯವರೊಡನೆ ಜಗಳಕ್ಕಿಳಿಯುವ ಮೊದಲು ಈ ದಿನಾಂಕಗಳು ನೆನಪಿರಲಿ.

ಎರಡನೆಯ ಹೆಜ್ಜೆ ಕೌಂಟರಿನಲ್ಲಿಯೇ ಇಡಬೇಕಾದದ್ದು: ‘ನಂಬರ್ ಯಾಕೆ?’ ಎಂದು ಕೇಳುವುದು. ಬಿಲ್ ಕೊಡಲು ಮೊಬೈಲ್ ನಂಬರ್ ಬೇಕೇ ಬೇಕೆಂದು ಹಟ ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ವ್ಯಾಪಾರ ಸಂಘಟನೆಗಳಿಗೆ ಸೂಚಿಸಿದೆ. ರಶೀದಿಯನ್ನು ಮೊಬೈಲಿಗೆ ಕಳುಹಿಸಿ ಎಂದು ನೀವಾಗಿಯೇ ನಂಬರ್ ಕೊಟ್ಟರೆ, ಹೊಸ ಕಾಯ್ದೆಯ ಪ್ರಕಾರ ಅಂಗಡಿಯವರು ಅದನ್ನು ರಶೀದಿ ಕಳುಹಿಸಲು ಬಳಸಬಹುದು. ದೀಪಾವಳಿ ರಿಯಾಯಿತಿಯ ಸಂದೇಶಕ್ಕೆ ಬೇರೆಯೇ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಕನ್ನಡವೂ ಕೊಂಕಣಿಯೂ ಆ ಪಟ್ಟಿಯಲ್ಲಿವೆ. ಕೌಂಟರಿನ ಮಾತೆಲ್ಲ ತುಳುವಿನಲ್ಲೇ ನಡೆದರೂ ತುಳು ಮಾತ್ರ ಅದರಲ್ಲಿಲ್ಲ.

ಮೂರನೆಯದು ಆಧಾರ್. ಈ ವಿಷಯದಲ್ಲಿ ನಮ್ಮ ಊರಿನವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ಅರಿವಿಲ್ಲದೆ ಹಣ ಹೋದ ದೂರುಗಳು ದಾಖಲಾಗಿದ್ದವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು, ಒಟಿಪಿ ಬೇಡ. ದಸ್ತಾವೇಜಿನ ಪ್ರತಿಯಲ್ಲಿ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಟ್ಟಿಗೇ ಸಿಕ್ಕಿದರೆ ವಂಚಕರಿಗೆ ಉಳಿಯುವ ಕೆಲಸ ಅಲ್ಪ. ಆದ್ದರಿಂದ ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣಕ್ಕೆ ಹೋಗಿ ಬಯೊಮೆಟ್ರಿಕ್ ಲಾಕ್ ಹಾಕಿ. ಬೆರಳಚ್ಚು ಕೊಡಲೇಬೇಕಾದಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಅದೇ ಜಾಲತಾಣದಲ್ಲಿ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ. ಪ್ರತಿ ಕೊಡಲೇಬೇಕಾದಲ್ಲಿ ಅದನ್ನೇ ಕೊಡಿ. ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆಯೇ, ಪ್ರತಿಯ ಮೇಲೆ ಅಡ್ಡಲಾಗಿ, ಅಕ್ಷರಗಳು ಚಿತ್ರದ ಮೇಲೂ ಹಾಯುವಂತೆ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿ. ಬದಿಯಲ್ಲಿ ಬರೆದರೆ ಕತ್ತರಿಸಿ ಮತ್ತೊಂದು ಪ್ರತಿ ತೆಗೆಯಲು ಕಷ್ಟವೇನಿಲ್ಲ. ಖಾಸಗಿಯವರು ಆಧಾರ್ ಕೇಳಲು ಅವಕಾಶ ನೀಡುತ್ತಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ರದ್ದು ಮಾಡಿದೆ. ಹಾಗಾಗಿ ಮನೆಯ ಮಾಲೀಕರಿಗೆ ಮತದಾರರ ಚೀಟಿಯನ್ನೋ ಚಾಲನಾ ಪರವಾನಗಿಯನ್ನೋ ತೋರಿಸುತ್ತೇನೆ ಎನ್ನಲು ಸಂಕೋಚಪಡಬೇಕಿಲ್ಲ.

ಕೊಟ್ಟ ಮೇಲೆ ಅನುಮಾನ ಬಂದರೆ ಬರಹದಲ್ಲಿ ಕೇಳುವುದು ನಾಲ್ಕನೆಯ ಹೆಜ್ಜೆ. ಬಾಯಿಮಾತಿಗೆ ದಾಖಲೆಯಿಲ್ಲ. ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಮೂಲಕ ಹೀಗೆ ಬರೆಯಬಹುದು:

‘ದಿನಾಂಕ … ರಂದು ನಿಮ್ಮಲ್ಲಿ … ಸೇವೆ ಪಡೆಯುವಾಗ ನನ್ನ ಹೆಸರು, ಮೊಬೈಲ್ ಸಂಖ್ಯೆ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ನೀಡಿದ್ದೇನೆ. ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿ ಯಾವುದು, ಅದನ್ನು ಯಾವ ಉದ್ದೇಶಕ್ಕೆ ಬಳಸಿದ್ದೀರಿ, ಯಾರಿಗೆ ಹಂಚಿದ್ದೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಮೇಲಿನ ಸೇವೆಗೆ ಹೊರತಾದ ಯಾವುದೇ ಬಳಕೆಗೆ ನನ್ನ ಒಪ್ಪಿಗೆಯಿಲ್ಲ. ಹಿಂದೆ ಕೊಟ್ಟಿದ್ದರೆ ಅದನ್ನು ಈ ಪತ್ರದ ಮೂಲಕ ಹಿಂತೆಗೆದುಕೊಂಡಿದ್ದೇನೆ.’

2011ರ ನಿಯಮಗಳಂತೆ ಕುಂದುಕೊರತೆ ಅಧಿಕಾರಿ ಒಂದು ತಿಂಗಳೊಳಗೆ ದೂರನ್ನು ಪರಿಹರಿಸಬೇಕು. ಹೊಸ ನಿಯಮಗಳಲ್ಲಿ ಈ ಅವಧಿ 90 ದಿನಗಳವರೆಗೂ ಹೋಗಬಹುದು. ಸುಧಾರಣೆ ಎಂದರೆ ಇದೇ ಏನು ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಗೇಟಿನ ಕಾವಲುಗಾರ ಪುಸ್ತಕದಲ್ಲಿ ಪೆನ್ನಿನಿಂದ ಬರೆದುಕೊಳ್ಳುವ ಮಾಹಿತಿ, ಅದು ಕಂಪ್ಯೂಟರಿಗೆ ಏರದ ಹೊರತು, 2023ರ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಮನೆಯ ಖಾಸಗಿ ಬಳಕೆ ಮತ್ತು ನೀವೇ ಎಲ್ಲರಿಗೂ ಕಾಣುವಂತೆ ಹಾಕಿಕೊಂಡ ಮಾಹಿತಿಯೂ ಅದರ ಹೊರಗೆ.

ಮಾಲೀಕತ್ವದ ಪ್ರಶ್ನೆ ನಿಜವಾಗಿ ಏಳುವುದು ಬೇರೆ ಕಡೆ. ಮದುವೆಯ ಫೋಟೊವನ್ನು ಸ್ಟುಡಿಯೋದವರು ತಮ್ಮ ಜಾಹೀರಾತಿಗೆ ಬಳಸಬಹುದೇ? ಕೃತಿಸ್ವಾಮ್ಯ ಕಾಯ್ದೆ 1957ರ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದವಿಲ್ಲದಿದ್ದರೆ. ಆ ‘ಬೇರೆ ಒಪ್ಪಂದ’ ಮುಂಗಡ ರಶೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರಬಹುದಾದ್ದರಿಂದ ಸಹಿಗೆ ಮೊದಲು ಅದನ್ನು ತಿರುಗಿಸಿ ನೋಡಿ, ಬೇಡದ ಸಾಲನ್ನು ಹೊಡೆದು ಹಾಕಿಸಿ. ಆಸ್ಪತ್ರೆಯ ದಾಖಲೆ ಇನ್ನೊಂದು ಬಗೆಯದು. ಕಡತ ಅವರಲ್ಲಿಯೇ ಉಳಿದರೂ, ರೋಗಿ ಅಥವಾ ರೋಗಿಯಿಂದ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಒದಗಿಸಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಯ್ದಿಡಬೇಕೆಂದೂ ಅದರಲ್ಲಿದೆ. ಹಾಸನ, ಶಿವಮೊಗ್ಗದಿಂದ ಇಲ್ಲಿಗೆ ಚಿಕಿತ್ಸೆಗೆ ಬರುವವರು ಊರಿಗೆ ಮರಳುವ ಮೊದಲೇ ಇದನ್ನು ಬರಹದಲ್ಲಿ ಕೇಳಿ ಪಡೆಯುವುದು ಲೇಸು.

ಇನ್ನು ದೂರು. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಯಲ್ಲೇ ಬ್ಯಾಂಕಿಗೆ ಸೂಚನೆ, ಮಿಕ್ಕದ್ದೆಲ್ಲ ಆಮೇಲೆ. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ನಡೆದ ವಂಚನೆಯನ್ನು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ಗ್ರಾಹಕರ ಹೊಣೆ ಶೂನ್ಯವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿದೆ. ನಂತರ ಮಂಗಳೂರಿನ ಅಥವಾ ಉಡುಪಿಯ, ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಇನ್ನೊಬ್ಬರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಶಿಕ್ಷೆಗೆ ಗುರಿಯಾಗುವ ಅಪರಾಧ.

ಪರಿಹಾರದ ವಿಷಯದಲ್ಲಿ ಮಾತ್ರ ಹೊಸ ಕಾಯ್ದೆ ನಿರಾಸೆ ಮೂಡಿಸುತ್ತದೆ. ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಎಂಬುದು ಕೇಳಲು ದೊಡ್ಡದು. ಆದರೆ ಆ ಹಣ ಸೇರುವುದು ಸರ್ಕಾರದ ಖಜಾನೆಗೆ, ಮಾಹಿತಿ ಸೋರಿ ನಷ್ಟವಾದವರಿಗಲ್ಲ. ಪಾಸ್‌ವರ್ಡ್, ಬ್ಯಾಂಕ್ ವಿವರ, ವೈದ್ಯಕೀಯ ದಾಖಲೆ, ಬೆರಳಚ್ಚಿನಂಥ ಸೂಕ್ಷ್ಮ ಮಾಹಿತಿಯನ್ನು ಸಂಸ್ಥೆಯೊಂದು ನಿರ್ಲಕ್ಷಿಸಿ ನಷ್ಟ ಉಂಟುಮಾಡಿದರೆ ಸಂತ್ರಸ್ತರಿಗೇ ಪರಿಹಾರ ಕೊಡಿಸುವುದು ಹಳೆಯ 43ಎ ಕಲಂ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ದಿನ ಅದು ರದ್ದಾಗುತ್ತದೆ. ಈಗಾಗಲೇ ನಷ್ಟ ಅನುಭವಿಸಿದವರು ತಡಮಾಡದೆ ವಕೀಲರನ್ನು ಕಂಡು, 5 ಕೋಟಿ ರೂಪಾಯಿವರೆಗಿನ ಬೇಡಿಕೆಯನ್ನು ಕೇಳುವ ಅಧಿಕಾರವಿರುವ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯ ಮುಂದೆ ಅರ್ಜಿ ಹಾಕುವ ಬಗ್ಗೆ ಯೋಚಿಸಬೇಕು. ಸಣ್ಣ ಮೊತ್ತದ ಸೇವಾಲೋಪವಾದರೆ ಜಿಲ್ಲಾ ಗ್ರಾಹಕ ಆಯೋಗವೇ ಹತ್ತಿರದ ದಾರಿ: ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಮತ್ತು ಮೇಲೆ ಹೇಳಿದ ಪತ್ರದ ಪ್ರತಿ, ಅಂಚೆ ರಶೀದಿ ಎರಡನ್ನೂ ಅದಕ್ಕೆ ಲಗತ್ತಿಸಬೇಕು.